ಮೊದಲ ಅಳು

ಹೆರಿಗೆಯ ಮನೆ ಇನ್ನೂ ದೂರವಿರುವಾಗಲೇ ಸೂಲಗಿತ್ತಿ ಫಕೀರವ್ವ ಸಣ್ಣಗೆ ಗುನುಗತೊಡಗಿದಳು. ಈ ಊರಿನಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ; ಹೀಗೆ ಗುನುಗಿಯೇ ಬರುವ ಸುಳಿವು ಕೊಡುತ್ತಾರೆ. ಗುಡಿಗೆ ಗಂಟೆಯಿಲ್ಲ, ಕುಕ್ಕರಿಗೆ ಸೀಟಿಯಿಲ್ಲ. ಅಜ್ಜ ಮುತ್ತಜ್ಜರಿಂದ ಎಲ್ಲರ ರಕ್ತದಲ್ಲೂ ಇಳಿದು ಬಂದದ್ದೊಂದಿದೆ: ದಿಢೀರನೆ ಸದ್ದಾದರೆ ಗುಂಡಿಗೆ ತಾಳ ತಪ್ಪಿ ನಿಂತೇ ಹೋಗುತ್ತದೆ.

ಹಾಗಾಗಿ ಹೆರುವವಳ ಕಿವಿಗೆ ಮೇಣ ಸವರಿದ ಅರಳೆ ತುರುಕುವುದು ಸೂಲಗಿತ್ತಿಯ ಮೊದಲ ಕೆಲಸ. ಕೂಸು ಬಾಯಿ ತೆರೆಯುವುದನ್ನು ಕಣ್ಣಾರೆ ಕಾಣುವ ಸೂಲಗಿತ್ತಿಗೆ ಅದರ ಅಳು ದಿಢೀರನೆ ಬಂದದ್ದಲ್ಲ, ಹೆತ್ತವಳಿಗೆ ಹಾಗಲ್ಲ. ಕೂಸು ಅತ್ತ ಬಗೆಯನ್ನು ನೆನಪಿಟ್ಟುಕೊಂಡು, ಮೂರನೆಯ ದಿನ ಬಾಣಂತಿಯ ಕಿವಿಯಲ್ಲಿ ಮೆಲ್ಲಗೆ ಹಾಗೆಯೇ ಅತ್ತು ತೋರಿಸುವುದು ಕೊನೆಯ ಕೆಲಸ. ಫಕೀರವ್ವ ಹೀಗೆ ಮುನ್ನೂರು ತಾಯಂದಿರಿಗೆ ಅಳು ಒಪ್ಪಿಸಿದ್ದಳು.

ಇಂದು ಹೆರಲಿದ್ದ ದಾಕ್ಷಾಯಣಿ ಒಂದು ಕಿವಿಗೆ ಅರಳೆ ಹಾಕಿಸಿಕೊಂಡಳು. ಇನ್ನೊಂದನ್ನು ಕೊಡಲಿಲ್ಲ.

“ಇದೊಂದ ಬಿಡ್ರಿ, ಅವ್ವಾರ. ಚೊಚ್ಚಲ ಕೂಸು. ಅದರ ಅಳು ನಾನ ಕೇಳಬೇಕು.”

“ನಾ ಅತ್ತು ತೋರಸ್ತೀನಲ್ಲವ್ವಾ.”

“ಅದು ನಿಮ್ಮ ಅಳು ಆಗತೈತಿ. ಈ ಊರಾಗ ಒಬ್ಬ ತಾಯೀನೂ ಕೇಳಿಲ್ಲೇನ್ರಿ?”

ನೋವು ಏರುತ್ತಿತ್ತು, ಹೊತ್ತಿರಲಿಲ್ಲ. ಫಕೀರವ್ವ ಈತನಕ ಯಾರಿಗೂ ಹೇಳದ್ದನ್ನು ಹೇಳಿದಳು.

“ಒಬ್ಬಾಕಿ ಕೇಳ್ಯಾಳ. ನಮ್ಮವ್ವ. ಹಟ ಮಾಡಿ ಅರಳಿ ಕಿತ್ತು ಒಗದಿದ್ದಳಂತ. ನನ್ನ ಅಳು ಕೇಳಿ ನಕ್ಕಳಂತ. ಮಣ್ಣು ಮಾಡೂತನಕ ಆ ನಗಿ ಹಂಗ ಇತ್ತಂತ.”

ದಾಕ್ಷಾಯಣಿ ತಲೆ ಹೊರಳಿಸಿ ಇನ್ನೊಂದು ಕಿವಿಯನ್ನೂ ಕೊಟ್ಟಳು.

“ಗಟ್ಟಿ ತುರುಕ್ರಿ,” ಎಂದಳು. “ನೀವ ಚಲೋತಂಗ ಕೇಳ್ರಿ. ಒಂದು ಬಿಕ್ಕೂ ಬಿಡಬ್ಯಾಡ್ರಿ.”