ಮೂರನೆಯ ಕಾಲು

ಹನ್ನೆರಡನೆಯ ಮೆಟ್ಟಿಲಿನಲ್ಲಿ ಮುತ್ತಮ್ಮ ನಿಂತಳು. ಇದಕ್ಕೆ ಮೊದಲಿನ ಕೃತಕ ಕಾಲು ಇಲ್ಲೇ ಮುರಿದಿತ್ತು. ಅರಸೀಕೆರೆ ಸ್ಟೇಷನ್ನಿನ ಮೇಲ್ಸೇತುವೆ, ತಲೆಯ ಮೇಲೆ ಬೇಯಿಸಿದ ಕಡಲೆಕಾಯಿಯ ಬುಟ್ಟಿ. ಎಡ ಮೊಣಕಾಲಿನ ಕೆಳಗೆ, ಮಗಳು ಮಾಲಿನಿ ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಮಾಡಿದ ಮೂರನೆಯ ಕೃತಕ ಕಾಲು. ಮಾಲಿನಿ ಎರಡು ಮೆಟ್ಟಿಲು ಹಿಂದಿದ್ದಳು.

ಕೆಳಗಿನಿಂದ ಎಸ್‌ಟಿಡಿ ಬೂತಿನ ಉಗ್ರಪ್ಪ ಕೂಗಿದ: "ಮುತ್ತಕ್ಕ, ಇಳಿದು ಬಾ. ಚೆಲ್ಲಿದ್ರೆ ನಾನೇ ಆಯ್ಬೇಕು, ಹೋದ್ಸಲದಂಗೆ."

"ಆಯ್ದಿದ್ರಲ್ಲಿ ಅರ್ಧ ತಿಂದೋನು ನೀನೇ ಅಲ್ವೇನಪ್ಪ?"

ಕಾಲು ಕಳೆದುಕೊಂಡ ಮೇಲೆ, ನಾಲ್ಕು ವರ್ಷದಿಂದ ಅವಳು ಸ್ಟೇಷನ್ನಿನ ಗೇಟಿನ ಬಳಿ ಕುಳಿತೇ ಮಾರುತ್ತಿದ್ದಳು. ವ್ಯಾಪಾರವಿದ್ದದ್ದು ಸೇತುವೆಯಾಚೆ, ಮೂರನೆಯ ಪ್ಲಾಟ್‌ಫಾರಂನಲ್ಲಿ. "ಇದೂ ಮುರುದ್ರೆ ನನ್ನ ಕೂತಲ್ಲೇ ಬಿಟ್ಬಿಡು" ಎಂದು ಬೆಳಿಗ್ಗೆ ಮಗಳಿಗೆ ಹೇಳಿಯೇ ಹೊರಟಿದ್ದಳು.

ಮೊದಲಿನ ಎರಡೂ ಒಂದೇ ಜಾಗದಲ್ಲಿ ಮುರಿದಿದ್ದವು: ಕೆಳಗಿನ ಗಟ್ಟಿ ಭಾಗ ಮುಗಿದು, ಮೊಣಕಾಲು ಕೂರುವ ಮೆತ್ತನೆಯ ಬಟ್ಟಲು ಶುರುವಾಗುವ ಗೆರೆಯಲ್ಲಿ. ಬಟ್ಟಲನ್ನೂ ಗಟ್ಟಿ ಮಾಡಿದರೆ ಅಂಚು ಚರ್ಮ ಕೊಯ್ಯುತ್ತಿತ್ತು. ಒಂದು ಸಂಜೆ ಮಾಲಿನಿ ಹಿತ್ತಲಲ್ಲಿ ಬಿದ್ದಿದ್ದ ತೆಂಗಿನ ಗರಿ ಎಳೆದುಕೊಂಡು ಬಂದಳು. "ಬುಡ ಮರದ ಹಾಗಿದೆ, ತುದಿ ಬೆರಳಿಗೆ ಬಾಗುತ್ತೆ. ಗಟ್ಟಿ ಎಲ್ಲಿ ಮುಗೀತು, ತೋರ್ಸವ್ವ." ಮುತ್ತಮ್ಮ ದಿಂಡಿನುದ್ದಕ್ಕೂ ಬೆರಳಾಡಿಸಿ ಸೋತಳು.

ಆಮೇಲೆ ಮಗಳು ತೆಂಗಿನ ನಾರನ್ನು ರಾಳದಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದಳು. ಪಾದದ ಹತ್ತಿರ ಒತ್ತಾಗಿ. ಮೇಲೇರಿದಂತೆ ನಾರು ಕಡಿಮೆ, ರಬ್ಬರಿನ ಪಾಲು ಹೆಚ್ಚು. ಅಂಚಿಗೆ ಬರುವಷ್ಟರಲ್ಲಿ ಅದು ಹಳೆಯ ಚಪ್ಪಲಿಯಷ್ಟು ಮೆತ್ತಗಾಗಿತ್ತು. ನಡುವೆ ಗೆರೆಯೇ ಇರಲಿಲ್ಲ.

ಮುತ್ತಮ್ಮ ಎಡಗಾಲನ್ನು ಹದಿಮೂರನೆಯ ಮೆಟ್ಟಿಲ ಮೇಲಿಟ್ಟು ಮೈಭಾರ ಬಿಟ್ಟಳು. ಕಾಲು ಗಾಳಿಗೆ ಸಿಕ್ಕ ಗರಿಯಂತೆ ಕೊಂಚ ಬಾಗಿತು. ಮತ್ತೆ ನೆಟ್ಟಗಾಯಿತು. ಹದಿನಾಲ್ಕು, ಹದಿನೈದು. ಮಾಲಿನಿ ಎಣಿಸುವುದನ್ನು ಬಿಟ್ಟು ಅವ್ವನ ಹಿಂದೆ ಓಡಬೇಕಾಯಿತು.

ಗಾಡಿ ಬಂದು ನಿಂತಾಗ ಮೂರನೆಯ ಪ್ಲಾಟ್‌ಫಾರಂನಿಂದ ಎದ್ದ "ಕಡ್ಲೇಕಾಯ್" ಕೂಗಿಗೆ, ಉಗ್ರಪ್ಪನ ಬೂತಿನಲ್ಲಿ ಫೋನು ಹಿಡಿದವರು ಇನ್ನೊಂದು ಕಿವಿ ಮುಚ್ಚಿಕೊಂಡರು.

ಬುಟ್ಟಿ ಖಾಲಿಯಾಯಿತು. ಮುತ್ತಮ್ಮ ಕಲ್ಲುಬೆಂಚಿನ ಮೇಲೆ ಕುಳಿತಳು. ಮಾಲಿನಿ ಅವಳ ಎದುರು ನೆಲದ ಮೇಲೇ ಕುಳಿತಳು.

"ನಿಜ ಹೇಳವ್ವ, ನೋಯ್ತಿದೆಯಾ?"

"ನೋಯ್ತಾ ಐತೆ ಕಣೇ."

ಮಾಲಿನಿಯ ಮುಖ ಇಳಿಯಿತು. ಎಡಗಾಲಿನ ಪಟ್ಟಿ ಬಿಚ್ಚಲು ಕೈ ಹಾಕಿದಳು. ಮುತ್ತಮ್ಮ ಆ ಕಾಲನ್ನು ಹಿಂದಕ್ಕೆಳೆದುಕೊಂಡು, ಬಲಗಾಲನ್ನು ಮಗಳ ಮಡಿಲಿಗೆ ಚಾಚಿದಳು.

"ಅದಲ್ಲ. ಇದು, ದೇವರು ಮಾಡಿದ್ದು."