ಒಂದೇ ಒಂದು ಫೋಟೋ

"ಯಾರಾದ್ರೂ ಒಬ್ರು ಬನ್ರಪ್ಪಾ, ಒಂದೇ ಒಂದು ಫೋಟೋ!" ದಾನ ಕೊಡಲು ಬಂದ ಅಂಗಡಿ ಸಾಹುಕಾರ ಅಕ್ಕಿಚೀಲ ಹಿಡಿದು ಮತ್ತೆ ಕೂಗಿದ. ಉಚಿತ ದಿನಸಿಗೆಂದು ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಗೋಡೆಯತ್ತ ಮುಖ ತಿರುಗಿಸಿದರು. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಖಾಲಿ ಚೀಲ ಮಡಚಿಕೊಂಡು ಬಾಗಿಲ ಕಡೆ ಹೊರಟೇಬಿಟ್ಟಳು.

ಆಸ್ಪತ್ರೆ ಕೆಲಸ ಮುಗಿಸಿ ಬಂದು ಇಲ್ಲಿ ದಿನಸಿ ಹಂಚುವ ನರ್ಸಮ್ಮನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಸಾಹುಕಾರನನ್ನು ಬೈದರೆ ಅಕ್ಕಿ ನಿಲ್ಲುತ್ತದೆ, ಸುಮ್ಮನಿದ್ದರೆ ಜನ ಹೋಗುತ್ತಾರೆ. ಈ ಸಾಲಿನವರಿಗಾದರೂ ಏನು ರೋಗ? ಒಂದು ಗಳಿಗೆ ನಿಂತರೆ ಯಾರಪ್ಪನ ಗಂಟು ಹೋಗುತ್ತದೆ?

"ನಿಲ್ಲೇ ತಾಯಿ, ಎಲ್ಲಿಗೆ ಹೋಗ್ತೀಯ?" ಎಂದು ಆ ಹೆಂಗಸನ್ನು ತಡೆದು, ನರ್ಸಮ್ಮ ತನ್ನ ಏಪ್ರನ್ ಬಿಚ್ಚಿ ಮೇಜಿನ ಮೇಲೆ ಒಗೆದಳು. "ಒಳ್ಳೇ ಕಾಟ ಆಯ್ತಲ್ಲ ಇದು! ಕೊಡಿ ಸಾಹುಕಾರ್ರೇ, ನಾನೇ ಇಸ್ಕೋತೀನಿ. ಬೇಗ ತೆಗೆಸಿ, ನಂಗೆ ಕೆಲಸ ಇದೆ."

ಮೇಜು ಬಳಸಿ ಸಾಲಿನ ಕಡೆಗೆ ಬಂದು ಎರಡೂ ಕೈ ಚಾಚಿದಳು. ಚೀಲದ ಭಾರ ಅಂಗೈಗೆ ಬಂತು. ಸಾಹುಕಾರ ಮಾತ್ರ ಅದರ ತುದಿ ಬಿಡದೆ, ಹಲ್ಲು ಕಿರಿದುಕೊಂಡು ನಿಂತ. ಸಾಲಿನಲ್ಲಿದ್ದವರೆಲ್ಲ ಈಗ ಇತ್ತ ತಿರುಗಿ ಅವಳನ್ನೇ ನೋಡುತ್ತಿದ್ದರು.

"ನರ್ಸಮ್ಮಾ, ನಿಮ್ಮ ಮುಖ ಕಾಣ್ತಿಲ್ಲ, ಸ್ವಲ್ಪ ತಲೆ ಎತ್ತಿ," ಎಂದ ಸಾಹುಕಾರನ ಡ್ರೈವರ್, ಫೋನ್ ಹಿಡಿದುಕೊಂಡು.

ಎತ್ತಲು ನೋಡಿದಳು. ಕತ್ತು ಏಳಲಿಲ್ಲ.