ಮೇಷ್ಟ್ರ ಕೆಂಪು ಪೆನ್ನು

ಇಂಜಿನಿಯರ್ ಪದ್ಮಶ್ರೀ ಮುಂದಿಟ್ಟ ವರದಿಯನ್ನು ಶಾಸಕ ಚನ್ನಕೇಶವ ಕೊನೆಯ ಸಾಲಿನವರೆಗೂ ಓದಿದರು. ಪೆರೇಸಂದ್ರದ ಶಾಲೆಯ ಹೊಸ ಗೋಡೆ ಗುಣಮಟ್ಟದ ಪರೀಕ್ಷೆಯಲ್ಲಿ ಫೇಲಾಗಿತ್ತು. ಅದನ್ನು ಕಟ್ಟಿದ ಕಂಟ್ರಾಕ್ಟರ್ ಶಾಸಕರ ಸ್ವಂತ ಭಾಮೈದ, ಪಕ್ಕದಲ್ಲೇ ಕೂತಿದ್ದ.

“ಒಂಚೂರು ಸಿಮೆಂಟ್ ಕಮ್ಮಿ ಬಿದ್ದೈತೆ ಭಾವ, ಅಷ್ಟೇ. ನೀವೊಂದು ಮಾತು ಹೇಳಿದ್ರೆ ಈಯಮ್ಮ ಪಾಸ್ ಮಾಡ್ತಾರೆ.”

ಪದ್ಮಶ್ರೀ ಶಾಸಕರ ಮುಖ ನೋಡಿದಳು. ತೊಂಡೇಬಾವಿಯ ಹೈಸ್ಕೂಲಿನಲ್ಲಿ ಅವಳಿಗೆ ಲೆಕ್ಕ ಕಲಿಸಿದ ಮೇಷ್ಟ್ರು ಇವರೇ. ಆದರೆ ಈಗ ಮೇಷ್ಟ್ರಲ್ಲವಲ್ಲ.

ಚನ್ನಕೇಶವ ಜೇಬಿಗೆ ಕೈಹಾಕಿ, ಶಾಸಕರಾಗಿ ಎಂಟು ವರ್ಷವಾದರೂ ಬಿಡದ ಕೆಂಪು ಪೆನ್ನನ್ನು ತೆಗೆದರು. ವರದಿಯ ಕೆಳಗೆ ದೊಡ್ಡದೊಂದು ರೈಟ್ ಹಾಕಿ, ಭಾಮೈದನ ಕಡೆ ತಿರುಗಿದರು.

“ಕೆಡವಿ ಮತ್ತೆ ಕಟ್ಟು. ಲೆಕ್ಕದಲ್ಲಿ ಸ್ಟೆಪ್ಸ್ ಬಿಟ್ಟೋರಿಗೆ ನಾನು ಮಾರ್ಕ್ಸ್ ಕೊಡಲ್ಲ ಕಣೋ. ಬೇಕಾದ್ರೆ ಈಯಮ್ಮನ್ನೇ ಕೇಳು.”